ಸ್ಕೌಟ್ ದರ್ಜೆ ಸೈನ್ಯದ ಹುದ್ದೆಯಲ್ಲ

ಮಾನ್ಯ ಸಂಪಾದಕರೇ,

ಫೆಬ್ರುವರಿ 22ರ ಚಿಂತನಾ ದಿನದ ನಿಮಿತ್ತ ನಿಮ್ಮ ಪುರವಣಿಯಲ್ಲಿ ಸ್ಕೌಟ್ ಚಳವಳಿಗೆ ಇಡೀ ಒಂದು ಪುಟ ಮೀಸಲಿಟ್ಟಿದ್ದು ಸಂತೋಷದ ಸಂಗತಿ. ಆದರೆ ಲೇಖನದ ಮೂರು ಮಾತುಗಳನ್ನು ಹಾಗೆಯೇ ಬಿಟ್ಟರೆ ಮುಂದಿನ ವರ್ಷ ಶಾಲೆಗಳ ಭಾಷಣಗಳಲ್ಲಿ ಅವೇ ಮರಳಿ ಕೇಳಿಬರುತ್ತವೆ. ಸ್ಕೌಟ್ ದರ್ಜೆಗಳು ಬ್ರಿಟಿಷ್ ಸೈನ್ಯದ ಹುದ್ದೆಗಳ ನಕಲು ಎಂಬುದು ಮೊದಲನೆಯದು. ನಿಯಮ, ದರ್ಜೆ, ಬ್ಯಾಡ್ಜು ಎಲ್ಲವೂ 1907ರ ಮೊದಲ ಶಿಬಿರದಲ್ಲೇ ಸಿದ್ಧವಾಗಿ ಹೊರಬಂದವು ಎಂಬುದು ಎರಡನೆಯದು. ಭಾರತಕ್ಕೆ ಚಳವಳಿ ಬಂದದ್ದು 1950ರಲ್ಲಿ ಎಂಬುದು ಮೂರನೆಯದು. ಬೆಂಗಳೂರಿನಲ್ಲಿ ಅಚ್ಚಾಗುವ ಪತ್ರಿಕೆಯಲ್ಲಂತೂ ಈ ಮೂರನೆಯ ಮಾತು ಬರಬಾರದಿತ್ತು.

ಸೈನ್ಯದ ಮಾತು ಹುಟ್ಟಿದ್ದು ಎಲ್ಲಿಂದ ಎಂದು ಊಹಿಸುವುದು ಕಷ್ಟವಲ್ಲ. ಸ್ಕೌಟ್ ಚಳವಳಿಯ ಸ್ಥಾಪಕ ಬೇಡನ್ ಪೊವೆಲ್ ಸೇನಾಧಿಕಾರಿ. 1899ರ ಅಕ್ಟೋಬರಿನಿಂದ 1900ರ ಮೇವರೆಗೆ 217 ದಿನ ದಕ್ಷಿಣ ಆಫ್ರಿಕಾದ ಮಾಫೆಕಿಂಗ್ ಊರು ಅಲ್ಲಿನ ಡಚ್ ಮೂಲದ ಬೋಅರ್ ಪಡೆಗಳ ಮುತ್ತಿಗೆಯಲ್ಲಿದ್ದಾಗ ಅದನ್ನು ಕಾಪಾಡಿದವರು. ಅಲ್ಲಿ ಒಂಬತ್ತು ವರ್ಷ ಮೇಲ್ಪಟ್ಟ ಹುಡುಗರ ಕೆಡೆಟ್ ದಳವೊಂದು ಪತ್ರ, ಸಂದೇಶ ಒಯ್ಯುತ್ತಿತ್ತು. ಮೊದಲು ಕತ್ತೆಗಳ ಮೇಲೆ, ಆಮೇಲೆ ಸೈಕಲ್ ಮೇಲೆ. ಆ ದಳವನ್ನು ಕಟ್ಟಿದ್ದು ಬೇಡನ್ ಪೊವೆಲ್ ಅಲ್ಲ, ಅವರ ಕೈಕೆಳಗಿನ ಅಧಿಕಾರಿ ಲಾರ್ಡ್ ಎಡ್ವರ್ಡ್ ಸೆಸಿಲ್. ಗೂಡ್‌ಇಯರ್ ಎಂಬ ಹುಡುಗ ಅದರ ಸಾರ್ಜೆಂಟ್ ಮೇಜರ್. ಅಂದರೆ ಮಾಫೆಕಿಂಗ್ ಹುಡುಗರಿಗೆ ಸೈನ್ಯದ ಹುದ್ದೆಗಳಿದ್ದದ್ದು ನಿಜವೇ. ಆದರೆ ಏಳೆಂಟು ವರ್ಷದ ನಂತರ ಸ್ಕೌಟ್ ಯೋಜನೆ ಬರೆಯಲು ಕೂತಾಗ ಅದೇ ಮನುಷ್ಯ ಆ ಏಣಿಯನ್ನು ಬೇಕೆಂದೇ ಬದಿಗಿಟ್ಟರು.

ಏಕೆ ಎಂಬುದಕ್ಕೆ 1904ರತ್ತ ನೋಡಬೇಕು. ವಿಲಿಯಂ ಸ್ಮಿತ್ 1883ರಲ್ಲಿ ಗ್ಲಾಸ್ಗೋದಲ್ಲಿ ಬಾಯ್ಸ್ ಬ್ರಿಗೇಡ್ ಶುರುಮಾಡಿದ್ದರು. ಅದರ ವಾರ್ಷಿಕ ಕವಾಯತಿಗೆ 1904ರಲ್ಲಿ ಬೇಡನ್ ಪೊವೆಲ್ ಅತಿಥಿಯಾಗಿ ಹೋದರು. ಸುಮಾರು ಏಳು ಸಾವಿರ ಹುಡುಗರ ಸಾಲು. ಶಿಸ್ತನ್ನು ಅವರು ಮೆಚ್ಚಿದರು. ಆದರೆ ಕೆಲಸದಲ್ಲಿ ವೈವಿಧ್ಯವಿದ್ದರೆ ಇದರ ಹತ್ತರಷ್ಟು ಹುಡುಗರು ಸೇರುತ್ತಾರೆ ಎಂಬುದು ಅವರ ಅಭಿಪ್ರಾಯ. ಹಾಗಾದರೆ ಸೈನಿಕರಿಗೆಂದು ನೀವು ಬರೆದ ಬೇಹುಗಾರಿಕೆಯ ಕೈಪಿಡಿಯನ್ನು ಹುಡುಗರಿಗೆಂದು ತಿರುಗಿ ಬರೆಯಿರಿ ಎಂದರು ಸ್ಮಿತ್. ಕವಾಯತು ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತದೆ, ಹುಡುಗ ತಾನೇ ಯೋಚಿಸುವುದನ್ನು ಬಿಡುತ್ತಾನೆ ಎಂಬ ಬೇಡನ್ ಪೊವೆಲ್ ಅವರ ಆಕ್ಷೇಪ ಕೊನೆತನಕ ಬದಲಾಗಲಿಲ್ಲ. ಸ್ಕೌಟಿಗೆ ದರ್ಜೆ ಹೇಗಿರಬೇಕು ಎಂಬುದು ಈ ಆಕ್ಷೇಪದಿಂದಲೇ ಹುಟ್ಟಿದ್ದು.

1907ರ ಆಗಸ್ಟ್ ಮೊದಲ ವಾರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್ ಬಂದರಿನ ಬ್ರೌನ್‌ಸೀ ದ್ವೀಪದಲ್ಲಿ ನಡೆದದ್ದು ಪ್ರಯೋಗ, ಅಷ್ಟೆ. ಸುಮಾರು ಇಪ್ಪತ್ತು ಹುಡುಗರು. ಅರ್ಧ ಈಟನ್, ಹ್ಯಾರೋದಂಥ ಶ್ರೀಮಂತರ ಶಾಲೆಗಳವರು, ಅರ್ಧ ಪೂಲ್ ಮತ್ತು ಬೋರ್ನ್‌ಮತ್‌ನ ಬಾಯ್ಸ್ ಬ್ರಿಗೇಡಿನ ದುಡಿಯುವ ಮನೆಗಳವರು. ಶ್ರೀಮಂತರ ಮಕ್ಕಳಿಗೆ ಶುಲ್ಕ ಒಂದು ಪೌಂಡ್ (ಇಪ್ಪತ್ತು ಶಿಲ್ಲಿಂಗ್), ಉಳಿದವರಿಗೆ ಮೂರೂವರೆ ಶಿಲ್ಲಿಂಗ್. ತೋಳ, ಗೂಳಿ, ಕರ್ಲ್ಯೂ ಹಕ್ಕಿ, ಕಾಡುಕಾಗೆ ಎಂದು ನಾಲ್ಕು ಪ್ಯಾಟ್ರೋಲ್, ಅಂದರೆ ಚಿಕ್ಕ ತಂಡಗಳು. ಭುಜದ ಮೇಲೆ ಉಣ್ಣೆಯ ಗೊಂಡೆ: ತೋಳಕ್ಕೆ ನೀಲಿ, ಗೂಳಿಗೆ ಹಸಿರು, ಕರ್ಲ್ಯೂಗೆ ಹಳದಿ, ಕಾಗೆಗೆ ಕೆಂಪು. ದಿನಕ್ಕೊಂದು ವಿಷಯ: ಶಿಬಿರ ಜೀವನ, ಅವಲೋಕನ, ಕಾಡಿನ ತಿಳಿವಳಿಕೆ, ಸೌಜನ್ಯ, ಜೀವ ಉಳಿಸುವುದು, ಹೀಗೆ. ಪ್ರತಿ ರಾತ್ರಿ ಒಂದು ಪ್ಯಾಟ್ರೋಲ್ ಸರದಿಯ ಮೇಲೆ ಹಿಟ್ಟು, ತರಕಾರಿ, ಚಹಾ ಪಡೆದು ದ್ವೀಪದ ಯಾವುದೋ ಮೂಲೆಗೆ ಹೋಗಿ, ತಮ್ಮ ಅಡುಗೆ ತಾವೇ ಮಾಡಿಕೊಂಡು, ಕಾವಲು ಕೂರಬೇಕು. ಹನ್ನೊಂದು ಗಂಟೆಯವರೆಗೂ ಬೇಡನ್ ಪೊವೆಲ್ ಮತ್ತು ಉಳಿದ ಪ್ಯಾಟ್ರೋಲ್ ಲೀಡರುಗಳು ಕಾವಲುಗಾರರ ಕಣ್ತಪ್ಪಿಸಿ ಹತ್ತಿರ ಬರಲು ನೋಡುತ್ತಿದ್ದರು.

ಅಲ್ಲಿ ದರ್ಜೆ ಎಂದು ಕರೆಯಬಹುದಾದದ್ದು ಒಂದೇ. ಬಂದವರಿಗೆಲ್ಲ ಹಿತ್ತಾಳೆಯ ಲಿಲಿ ಹೂವಿನಾಕಾರದ ಬ್ಯಾಡ್ಜು. ಗಂಟು, ಹೆಜ್ಜೆಗುರುತು, ರಾಷ್ಟ್ರಧ್ವಜ ಈ ಮೂರರಲ್ಲಿ ಪಾಸಾದವನಿಗೆ ಅದರ ಕೆಳಗೆ ಧ್ಯೇಯವಾಕ್ಯದ ಹಿತ್ತಾಳೆ ಪಟ್ಟಿ. ಪ್ರಥಮ, ದ್ವಿತೀಯ ಎಂಬ ವಿಂಗಡಣೆ ಬಂದದ್ದು 1908ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆ, ತಲಾ ನಾಲ್ಕು ಪೆನ್ನಿ ಬೆಲೆಗೆ, ಆರು ಭಾಗಗಳಲ್ಲಿ ಹೊರಬಂದ ‘ಸ್ಕೌಟಿಂಗ್ ಫಾರ್ ಬಾಯ್ಸ್’ ಪುಸ್ತಕದಿಂದ. ಅದು ಗಟ್ಟಿಯಾದದ್ದು ಮುಂದಿನ ಮೂರ್ನಾಲ್ಕು ವರ್ಷಗಳಲ್ಲಿ. ನಿಯಮಗಳ ಕಥೆಯೂ ಹಾಗೆಯೇ. 1908ರಲ್ಲಿ ಅವು ಒಂಬತ್ತು. ಮಾತು, ಮನಸ್ಸು, ನಡತೆಯಲ್ಲಿ ಶುದ್ಧ ಎಂಬ ಹತ್ತನೆಯದು ಕೆಲವು ವರ್ಷ ಬಿಟ್ಟು ಸೇರಿತು. (ನಮ್ಮ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ನಿಯಮಗಳು ಈಗ ಒಂಬತ್ತೇ. ಆದರೆ ಅವು ಆ ಮೊದಲ ಒಂಬತ್ತಲ್ಲ, ಹತ್ತನ್ನು ಕೂಡಿಸಿ ಮಾಡಿದ ಒಂಬತ್ತು.)

ಆ ಆರಂಭದ ದರ್ಜೆಗಳು ಮೂರು: ಟೆಂಡರ್‌ಫುಟ್ (ಹೊಸಬ), ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್. ಇವುಗಳಲ್ಲಿ ಒಂದಕ್ಕೂ ಇನ್ನೊಬ್ಬನ ಮೇಲೆ ಅಧಿಕಾರವಿಲ್ಲ. ಅಧಿಕಾರವಿದ್ದದ್ದು ಪ್ಯಾಟ್ರೋಲ್ ಲೀಡರ್‌ಗೆ. ಅದು ಹುದ್ದೆ, ದರ್ಜೆಯಲ್ಲ. ಅದರ ಗುರುತು ಬಿಳಿ ಪಟ್ಟಿಗಳು: ಲೀಡರ್‌ಗೆ ಎರಡು, ಅವನ ಸಹಾಯಕನಿಗೆ ಒಂದು. ದರ್ಜೆಯ ಗುರುತು ಎಡತೋಳಿನ ಬ್ಯಾಡ್ಜು: ಸೆಕೆಂಡ್ ಕ್ಲಾಸಿಗೆ ಧ್ಯೇಯವಾಕ್ಯದ ಪಟ್ಟಿ ಮಾತ್ರ, ಫಸ್ಟ್ ಕ್ಲಾಸಿಗೆ ಅದರ ಮೇಲೆ ಬಾಣದ ತುದಿಯೂ ಸೇರಿ. ಪಟ್ಟಿಯ ಎರಡೂ ತುದಿ ಮೇಲಕ್ಕೆ ಬಾಗಿರುವುದು ನಗುವ ಬಾಯಿಗೆ, ಕೆಳಗೆ ಇಳಿಬಿದ್ದ ಗಂಟು ದಿನಕ್ಕೊಂದು ಒಳ್ಳೆಯ ಕೆಲಸದ ನೆನಪಿಗೆ. ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ: ಮೊದಮೊದಲು ಲೀಡರ್‌ನ ಸಹಾಯಕನನ್ನು ಕಾರ್ಪೊರಲ್ ಎಂದೇ ಕರೆಯುತ್ತಿದ್ದರು. ಸೈನ್ಯದ ಆ ಹೆಸರು ಬಹಳ ದಿನ ಉಳಿಯಲಿಲ್ಲ, ಸೆಕೆಂಡ್ ಎಂದಾಯಿತು. ನಿಮ್ಮ ಲೇಖಕರು ಬಹುಶಃ ಇದನ್ನೇ ಹಿಡಿದು ಇಡೀ ದರ್ಜೆಗೆ ಹೊಂದಿಸಿದ್ದಾರೆ.

ಇನ್ನು ಆ ದರ್ಜೆಗೆ ಏನು ಮಾಡಬೇಕಿತ್ತು ಎಂಬುದನ್ನು ವಿವರವಾಗಿ ಬರೆಯುತ್ತೇನೆ. ಲೇಖನದಲ್ಲಿ ‘ವಿವಿಧ ಕೌಶಲ ಪರೀಕ್ಷೆಗಳು’ ಎಂದು ಒಂದೇ ಸಾಲಿನಲ್ಲಿ ಮುಗಿದ ಭಾಗ ಇದು.

ಟೆಂಡರ್‌ಫುಟ್ ಆಗಲು ನಿಯಮ, ಸಂಜ್ಞೆ, ವಂದನೆ ಗೊತ್ತಿರಬೇಕು. ಬ್ರಿಟನ್ನಿನ ಧ್ವಜ ಹೇಗೆ ಕೂಡಿದೆ, ಯಾವ ಅಂಚು ಮೇಲೆ ಎಂಬುದು ತಿಳಿದಿರಬೇಕು. ಪಟ್ಟಿಯಲ್ಲಿರುವ ಗಂಟುಗಳಲ್ಲಿ ನಾಲ್ಕನ್ನು ಹಾಕಿ ತೋರಿಸಬೇಕು. ಗಂಟಿನ ಪರೀಕ್ಷೆ ಸುಲಭ ಎನ್ನುವವರು ರೀಫ್ ಗಂಟನ್ನೇ ನೋಡಲಿ. ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಎರಡು ಸಲವೂ ಒಂದೇ ಕೈಯದನ್ನು ಮೇಲೆ ತಂದರೆ ಅದು ಗ್ರ್ಯಾನಿ ಗಂಟು, ಎಳೆದರೆ ಜಾರುತ್ತದೆ. ಸರಿಯಾದ ರೀಫ್ ಗಂಟಿನಲ್ಲಿ ತುದಿಗಳು ಹಗ್ಗದ ಉದ್ದಕ್ಕೇ ಮಲಗಿರುತ್ತವೆ, ಗ್ರ್ಯಾನಿಯಲ್ಲಿ ಅಡ್ಡಕ್ಕೆ ಚಾಚಿಕೊಳ್ಳುತ್ತವೆ. ಪರೀಕ್ಷಕ ಎರಡು ಮಾರು ದೂರದಿಂದಲೇ ಹೇಳಬಹುದು. ರೀಫ್ ಇರುವುದು ಬ್ಯಾಂಡೇಜಿಗೆ, ಗಂಟುಮೂಟೆಗೆ. ಭಾರ ಎಳೆಯುವ ಎರಡು ಹಗ್ಗಗಳನ್ನು ಅದರಿಂದ ಸೇರಿಸಬಾರದು. ಒಂದು ತುದಿ ಜಗ್ಗಿದರೆ ಗಂಟು ಮಗುಚಿ ಬಿಚ್ಚಿಕೊಳ್ಳುತ್ತದೆ. ದಪ್ಪ ಹಗ್ಗಕ್ಕೆ ತೆಳು ಹಗ್ಗ ಸೇರಿಸುವುದಕ್ಕೆ ಶೀಟ್ ಬೆಂಡ್. ಅದರಲ್ಲಿ ಮಡಿಕೆ ಬೀಳಬೇಕಾದ್ದು ದಪ್ಪ ಹಗ್ಗಕ್ಕೆ, ತೆಳ್ಳಗಿನದು ಅದನ್ನು ಸುತ್ತಬೇಕು. ತಿರುಗಿಸಿ ಹಾಕಿದರೆ ನಿಲ್ಲುವುದಿಲ್ಲ. ಕ್ಲೋವ್ ಹಿಚ್ ದುಂಡನೆಯ ಬಿದಿರಿಗೆ ಸರಿ, ಚೌಕದ ರೀಪಿಗೆ ಹಾಕಿದರೆ ಸಡಿಲ. ಮನುಷ್ಯನನ್ನು ಮೇಲೆತ್ತಲು ಬೋಲೈನ್ ಮಾತ್ರ. ಅದರ ಕುಣಿಕೆ ಬಿಗಿಯುವುದಿಲ್ಲ, ಎದೆ ಅಮುಕುವುದಿಲ್ಲ.

ಸೆಕೆಂಡ್ ಕ್ಲಾಸಿಗೆ ಟೆಂಡರ್‌ಫುಟ್ ಆಗಿ ಕನಿಷ್ಠ ಒಂದು ತಿಂಗಳು ಕಳೆದಿರಬೇಕು. ಪ್ರಥಮ ಚಿಕಿತ್ಸೆ, ಬ್ಯಾಂಡೇಜು. ಬಾವುಟಗಳಿಂದ ಸಂದೇಶ ಕಳಿಸುವ ಸೆಮಫೋರ್ ಅಥವಾ ಮೋರ್ಸ್ ಅಕ್ಷರಮಾಲೆ. ದಿಕ್ಸೂಚಿಯ ಹದಿನಾರು ದಿಕ್ಕು. ಅರ್ಧ ಮೈಲು ಹೆಜ್ಜೆಗುರುತು ಹಿಡಿದು ಇಪ್ಪತ್ತೈದು ನಿಮಿಷದಲ್ಲಿ ಮುಟ್ಟಬೇಕು. ಪೇಟೆಯ ಹುಡುಗನಾದರೆ ನಾಲ್ಕು ಅಂಗಡಿಗಳ ಕಿಟಕಿಯನ್ನು ತಲಾ ಒಂದು ನಿಮಿಷ ನೋಡಿ, ಅದರಲ್ಲೊಂದರ ಒಳಗೆ ಏನೇನಿತ್ತು ಎಂದು ಹೇಳಬೇಕು. ಇಲ್ಲವೇ ಇಪ್ಪತ್ನಾಲ್ಕು ವಸ್ತುಗಳನ್ನು ಒಂದು ನಿಮಿಷ ನೋಡಿ ಹದಿನಾರನ್ನು ನೆನಪಿಸಬೇಕು. ಕಿಪ್ಲಿಂಗ್ ಕಾದಂಬರಿಯಿಂದ ಹೆಸರು ಪಡೆದ ಕಿಮ್ ಆಟ ಇದೇ. ಒಂದರ ಹಿಂದೊಂದು ಉರು ಹೊಡೆಯುವ ಹುಡುಗ ಹತ್ತಕ್ಕೆ ನಿಲ್ಲುತ್ತಾನೆ. ಲೋಹದ್ದೆಷ್ಟು, ಬಟ್ಟೆಯದೆಷ್ಟು, ಕಾಗದದ್ದೆಷ್ಟು ಎಂದು ಗುಂಪು ಮಾಡಿ ನೋಡಿದವನು ಹದಿನಾರು ದಾಟುತ್ತಾನೆ.

ಒಂದು ಮೈಲನ್ನು ಹನ್ನೆರಡು ನಿಮಿಷದಲ್ಲಿ ‘ಸ್ಕೌಟ್ ನಡೆ’ಯಲ್ಲಿ ಕ್ರಮಿಸಬೇಕು ಎಂಬುದನ್ನು ನಮ್ಮಲ್ಲಿ ಓಟದ ಸ್ಪರ್ಧೆ ಮಾಡಿಬಿಟ್ಟಿದ್ದಾರೆ. ಅದು ಗಂಟೆಗೆ ಎಂಟು ಕಿಲೋಮೀಟರ್ ಲೆಕ್ಕ, ಅಷ್ಟೇ. ಇಷ್ಟು ಹೆಜ್ಜೆ ನಡಿಗೆ, ಅಷ್ಟೇ ಹೆಜ್ಜೆ ಓಟ, ಮತ್ತೆ ನಡಿಗೆ. ಉದ್ದೇಶ ಎರಡು: ಸಂದೇಶ ಒಯ್ದವನು ಮುಟ್ಟಿದಾಗ ಅವನಿಗೆ ಮಾತಾಡಲು ಉಸಿರಿರಬೇಕು, ಗಡಿಯಾರವಿಲ್ಲದಾಗ ಹೆಜ್ಜೆಯಿಂದಲೇ ಹೊತ್ತನ್ನೂ ದೂರವನ್ನೂ ಅಳೆಯಲು ಬರಬೇಕು. ಎಂಟು ನಿಮಿಷಕ್ಕೆ ಓಡಿ ಬಂದು ಏದುಸಿರು ಬಿಡುವವನನ್ನು ಚಪ್ಪಾಳೆ ತಟ್ಟಿ ಪಾಸು ಮಾಡುವುದು ಪರೀಕ್ಷೆಯ ಅರ್ಥವನ್ನೇ ಕೆಡಿಸಿದಂತೆ.

ಮುಂದಿನದು ಬೆಂಕಿ: ಎರಡು ಕಡ್ಡಿಗಿಂತ ಹೆಚ್ಚು ಗೀರದೆ ಒಲೆ ಹೊತ್ತಿಸಬೇಕು. ಆ ಬೆಂಕಿಯ ಮೇಲೆ ಕಾಲು ಪೌಂಡ್, ಅಂದರೆ ಸುಮಾರು 113 ಗ್ರಾಂ ಮಾಂಸ, ಎರಡು ಆಲೂಗಡ್ಡೆಯನ್ನು ಬಿಲ್ಲಿ ಎನ್ನುವ ತೂಗುಡಬ್ಬಿಯೊಂದರಲ್ಲೇ ಬೇಯಿಸಬೇಕು. ಇಲ್ಲಿ ಸೋಲುವವರಲ್ಲಿ ಹೆಚ್ಚಿನವರು ಕಡ್ಡಿ ಗೀರುವ ಮುಂಚೆಯೇ ಸೋತಿರುತ್ತಾರೆ. ನೆಲದ ಮೇಲೆ ಬಿದ್ದ ಪುಳ್ಳೆ ನೋಡಲು ಒಣಗಿದಂತಿದ್ದರೂ ಒಳಗೆ ತೇವ ಹಿಡಿದಿರುತ್ತದೆ. ಮರದಲ್ಲೇ ಸತ್ತು ನಿಂತ ರೆಂಬೆ ಬೇಕು. ಬಗ್ಗಿಸಿದರೆ ‘ಟಕ್’ ಎಂದು ಮುರಿಯಬೇಕು, ಬಾಗಿದರೆ ಬೇಡ. ಮೊದಲು ಬೆಂಕಿಕಡ್ಡಿ ಗಾತ್ರದ್ದು ಒಂದು ಹಿಡಿ, ಆಮೇಲೆ ಪೆನ್ಸಿಲ್ ಗಾತ್ರ, ಆಮೇಲೆ ಹೆಬ್ಬೆರಳ ಗಾತ್ರ. ಎಲ್ಲವನ್ನೂ ಪಕ್ಕದಲ್ಲಿ ಜೋಡಿಸಿಟ್ಟುಕೊಂಡ ನಂತರವೇ ಕಡ್ಡಿ ತೆಗೆಯಬೇಕು. ಗಾಳಿಗೆ ಬೆನ್ನು ಕೊಟ್ಟು ಕೂತು, ಗಾಳಿ ಬರುವ ಕಡೆಯಿಂದ, ಪುಳ್ಳೆಯ ಬುಡಕ್ಕೆ ಕಿಡಿ ಮುಟ್ಟಿಸಬೇಕು. ಮೇಲಿನಿಂದ ಹಚ್ಚಿದರೆ ಉರಿ ಕೆಳಗಿಳಿಯುವುದಿಲ್ಲ. ಪುಳ್ಳೆಯನ್ನು ಒತ್ತೊತ್ತಾಗಿ ತುರುಕಿದರೆ ಹೊಗೆ, ತೀರ ಬಿಡಿಬಿಡಿಯಾದರೆ ಒಂದು ಹತ್ತಿ ಇನ್ನೊಂದಕ್ಕೆ ತಗಲುವುದಿಲ್ಲ. ದಪ್ಪ ಸೌದೆಯನ್ನು ಆತುರದಿಂದ ಹೇರುವುದು ಎರಡನೆಯ ಕಡ್ಡಿ ವ್ಯರ್ಥವಾಗುವ ಸಾಮಾನ್ಯ ಕಾರಣ. ಇನ್ನು ಅಡುಗೆ: ಮಾಂಸವನ್ನು ಸಣ್ಣ ತುಂಡು ಮಾಡದೆ ಇಡಿಯಾಗಿ ಹಾಕಿದರೆ ಆಲೂಗಡ್ಡೆ ಕರಗಿದರೂ ಅದು ಬೇಯದೆ ಉಳಿಯುತ್ತದೆ.

ಇದರ ಜೊತೆಗೆ ಸೇವಿಂಗ್ಸ್ ಬ್ಯಾಂಕಿನಲ್ಲಿ ಕನಿಷ್ಠ ಆರು ಪೆನ್ನಿ ಇರಬೇಕು, ಫಸ್ಟ್ ಕ್ಲಾಸಿಗೆ ಬರುವಾಗ ಅದು ಒಂದು ಶಿಲ್ಲಿಂಗ್ (ಹನ್ನೆರಡು ಪೆನ್ನಿ) ಆಗಿರಬೇಕು. ಮಿತವ್ಯಯ ಆ ಒಂಬತ್ತು ನಿಯಮಗಳಲ್ಲಿ ಒಂದು. ಅದಕ್ಕೂ ಪಾಸ್‌ಬುಕ್ ತೋರಿಸಿಯೇ ಪುರಾವೆ ಕೊಡಬೇಕಿತ್ತು.

ಫಸ್ಟ್ ಕ್ಲಾಸ್ ನಿಜಕ್ಕೂ ಕಠಿಣ. ಐವತ್ತು ಗಜ ಈಜು. ಬೆಂಕಿ, ನೀರು, ವಿಷಗಾಳಿಯ ಚರಂಡಿ, ಲಂಗುಲಗಾಮಿಲ್ಲದೆ ಓಡುವ ಕುದುರೆಗಾಡಿ, ಒಡೆದ ಮಂಜುಗಡ್ಡೆ ಇಂಥ ಅಪಾಯಗಳಲ್ಲಿ ಎರಡರಿಂದ ಜೀವ ಉಳಿಸುವ ಬಗೆ. ಗಂಜಿ, ಸ್ಟ್ಯೂ ಮುಂತಾದವುಗಳಲ್ಲಿ ಎರಡು ಅಡುಗೆ. ಅರ್ಧ ಪೌಂಡ್ ಹಿಟ್ಟಿನಲ್ಲಿ ಡ್ಯಾಂಪರ್ ರೊಟ್ಟಿ, ಇಲ್ಲವೇ ಕೋಲಿಗೆ ಸುತ್ತಿ ಸುಡುವ ಟ್ವಿಸ್ಟ್. ಟ್ವಿಸ್ಟಿನಲ್ಲಿ ಕೆಡುವುದು ಮೂರು ಕಡೆ. ನೀರು ಹೆಚ್ಚಾದರೆ ಹಿಟ್ಟು ಕೋಲಿನಿಂದ ಜಾರುತ್ತದೆ. ಬೆರಳಿಗಿಂತ ದಪ್ಪ ಸುತ್ತಿದರೆ ಹೊರಗೆ ಕರಿ, ಒಳಗೆ ಹಸಿ. ಉರಿಯಲ್ಲಿ ಹಿಡಿದರೂ ಅದೇ ಗತಿ. ಕೆಂಡದ ಮೇಲೆ ತಿರುಗಿಸುತ್ತ ಸುಡಬೇಕು. ತೊಗಟೆ ಸುಲಿದ ಕೋಲನ್ನು ಮೊದಲೇ ಕಾಯಿಸಿಕೊಂಡರೆ ಒಳಭಾಗವೂ ಬೇಯುತ್ತದೆ.

ದೂರ, ಎತ್ತರ, ಸಂಖ್ಯೆ ಅಂದಾಜು ಮಾಡುವುದರಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ತಪ್ಪಿಗೆ ಅವಕಾಶವಿತ್ತು. ಮರದ ಎತ್ತರಕ್ಕೆ ಇಂದಿಗೂ ಸಲ್ಲುವ ಉಪಾಯವೊಂದಿದೆ. ಮರದ ಬುಡದಿಂದ ಒಂದೇ ಅಳತೆಯ ಹನ್ನೊಂದು ಕೋಲು ದೂರ ನಡೆದು ಅಲ್ಲಿ ದೊಣ್ಣೆಯನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದು ಕೋಲು ದೂರ ಹೋಗಿ ಕಣ್ಣನ್ನು ನೆಲಕ್ಕೆ ತಾಗಿಸಿ ಮರದ ತುದಿ ನೋಡಿ. ನೋಟ ದೊಣ್ಣೆಯನ್ನು ಎಷ್ಟು ಇಂಚಿನಲ್ಲಿ ದಾಟುತ್ತದೋ ಮರ ಅಷ್ಟು ಅಡಿ. ಮೀಟರಿನಲ್ಲಿ ಬೇಕಾದರೆ ಹನ್ನೊಂದರ ಬದಲು ಒಂಬತ್ತು ಕೋಲು. ದೊಣ್ಣೆಯ ಮೇಲೆ 65 ಸೆಂಟಿಮೀಟರ್ ಬಂದರೆ ಮರ ಆರೂವರೆ ಮೀಟರ್. ಮಲಗಲು ಬೇಸರಪಟ್ಟು ಬಗ್ಗಿ ನೋಡಿದರೆ, ದೊಣ್ಣೆ ವಾಲಿದ್ದರೆ, ನೆಲ ಇಳಿಜಾರಾಗಿದ್ದರೆ ಲೆಕ್ಕ ಎಲ್ಲೋ ಹೋಗುತ್ತದೆ.

ದಿಕ್ಸೂಚಿಯಿಲ್ಲದೆ ದಿಕ್ಕು ಹೇಳುವುದು ಇನ್ನೊಂದು ಪರೀಕ್ಷೆ. ನಮ್ಮ ಶಾಲೆಗಳಲ್ಲಿ ಪುಸ್ತಕ ನೋಡಿ ಪಾಠ ಮಾಡುವವರು ಎಡವುವುದು ಇಲ್ಲೇ. ಗಡಿಯಾರದ ಗಂಟೆಮುಳ್ಳನ್ನು ಸೂರ್ಯನತ್ತ ಹಿಡಿದು, ಅದಕ್ಕೂ ಹನ್ನೆರಡಕ್ಕೂ ನಡುವೆ ಅರ್ಧಿಸಿದರೆ ದಕ್ಷಿಣ ಎಂಬ ಸೂತ್ರ ಇಂಗ್ಲೆಂಡಿನದು. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಅವನು ನಡುಹಗಲಲ್ಲಿ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಆ ತಿಂಗಳುಗಳಲ್ಲಿ ಸೂತ್ರ ಹುಡುಗನನ್ನು ತಲೆಕೆಳಗು ಕಳಿಸುತ್ತದೆ. ಉಳಿದ ತಿಂಗಳಲ್ಲೂ ನೆತ್ತಿಯ ಹತ್ತಿರದ ಸೂರ್ಯನಿಂದ ಬರುವ ಉತ್ತರ ಒರಟು. ಸಾಲದ್ದಕ್ಕೆ ನಮ್ಮ ಗಡಿಯಾರ ತೋರಿಸುವುದು ಸ್ಥಳೀಯ ಕಾಲವಲ್ಲ: ಬೆಂಗಳೂರಿನ ನಡುಹಗಲು ಸರಾಸರಿ ಹನ್ನೆರಡೂ ಇಪ್ಪತ್ತಕ್ಕೆ, ಕಾರವಾರದಲ್ಲಿ ಹನ್ನೆರಡೂವರೆ ದಾಟಿ. ಇಲ್ಲಿಗೆ ಹೊಂದುವುದು ನೆರಳುಕೋಲು. ಸಮತಟ್ಟು ನೆಲದಲ್ಲಿ ನೆಟ್ಟ ಕೋಲಿನ ನೆರಳಿನ ತುದಿಗೆ ಒಂದು ಕಲ್ಲು, ಇಪ್ಪತ್ತು ನಿಮಿಷ ಬಿಟ್ಟು ಹೊಸ ತುದಿಗೆ ಇನ್ನೊಂದು. ಮೊದಲ ಕಲ್ಲು ಪಶ್ಚಿಮ, ಎರಡನೆಯದು ಪೂರ್ವ. ರಾತ್ರಿಯದೂ ಅಷ್ಟೇ: ಲಂಡನ್ನಿನಲ್ಲಿ ಧ್ರುವನಕ್ಷತ್ರ 51 ಡಿಗ್ರಿ ಎತ್ತರದಲ್ಲಿದ್ದರೆ ಬೆಂಗಳೂರಿನಲ್ಲಿ 13, ಬೀದರ್‌ನಲ್ಲೂ 18 ದಾಟದು. ಒಂದು ತೆಂಗಿನ ತೋಟ ಅಡ್ಡ ಬಂದರೆ ಕಾಣುವುದಿಲ್ಲ. ಸಪ್ತರ್ಷಿ ಮಂಡಲದಿಂದ ಗೆರೆ ಎಳೆದು ಅದರ ಜಾಗ ಊಹಿಸುವುದನ್ನು ಕಲಿಸದೆ ‘ಧ್ರುವನಕ್ಷತ್ರ ನೋಡಿ’ ಎಂದರೆ ಏನೂ ಹೇಳಿದಂತಾಗಲಿಲ್ಲ.

ಇವೆಲ್ಲದರ ಮೇಲೆ ಒಂಟಿ ಪ್ರಯಾಣ: ಏಳು ಮೈಲು ನಡೆದೋ ದೋಣಿಯಲ್ಲೋ ಹೋಗಿ ಹಿಂತಿರುಗಬೇಕು, ಅಂದರೆ ಒಟ್ಟು 22 ಕಿಲೋಮೀಟರಿಗೂ ಹೆಚ್ಚು. ವಾಹನದಲ್ಲೋ ಕುದುರೆಯ ಮೇಲೋ ಆದರೆ ಹದಿನೈದು ಮೈಲು. ಬಂದು ವರದಿ ಬರೆಯಬೇಕು. ‘ಬೆಳಿಗ್ಗೆ ಎದ್ದು ಹೊರಟೆ, ಪ್ರಕೃತಿ ಸುಂದರವಾಗಿತ್ತು’ ಎಂಬ ಪ್ರಬಂಧ ಇಲ್ಲಿ ನಡೆಯದು. ಅದೇ ದಾರಿಯಲ್ಲಿ ನಾಳೆ ಹೋಗುವವನಿಗೆ ಬೇಕಾದದ್ದು ಇರಬೇಕು: ಕವಲುದಾರಿ ಎಲ್ಲಿ, ಕುಡಿಯುವ ನೀರು ಎಷ್ಟು ದೂರಕ್ಕೆ, ಸೇತುವೆ ಗಾಡಿಯ ಭಾರ ತಡೆಯುತ್ತದೆಯೇ. ಜೊತೆಗಿನ ನಕ್ಷೆಯಲ್ಲಿ ಉತ್ತರದ ಗುರುತು, ಅಳತೆ ಪ್ರಮಾಣ ಎರಡೂ ಇಲ್ಲದಿದ್ದರೆ ಅದು ಚಿತ್ರ, ನಕ್ಷೆಯಲ್ಲ.

ಫಸ್ಟ್ ಕ್ಲಾಸಿನ ಕೊನೆಯ ಷರತ್ತು ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ಕೀಲಿ: ತಾನೇ ತರಬೇತಿ ಕೊಟ್ಟು ತಯಾರು ಮಾಡಿದ ಒಬ್ಬ ಹೊಸ ಹುಡುಗನನ್ನು ಟೆಂಡರ್‌ಫುಟ್ ಪರೀಕ್ಷೆಗೆ ಕರೆತರಬೇಕು. ಸೈನ್ಯದಲ್ಲಿ ಬಡ್ತಿ ಸಿಕ್ಕಮೇಲೆ ಕೆಳಗಿನವರು ಕೈಗೆ ಬರುತ್ತಾರೆ. ಇಲ್ಲಿ ಕೆಳಗಿನವನಿಗೆ ಕಲಿಸಿದ ಮೇಲೆಯೇ ಬಡ್ತಿ, ಅದೂ ಅಧಿಕಾರವಿಲ್ಲದ ಬಡ್ತಿ. ಪ್ಯಾಟ್ರೋಲ್ ಲೀಡರುಗಳು ಮತ್ತು ಸ್ಕೌಟ್ ಮಾಸ್ಟರ್ ಕೂಡಿದ ‘ಕೋರ್ಟ್ ಆಫ್ ಆನರ್’ ದಳದ ಆಡಳಿತ ನೋಡಿಕೊಳ್ಳುತ್ತಿತ್ತು. ಆ ದಾರಿಯೇ ಬೇರೆ, ದರ್ಜೆಯ ದಾರಿಯೇ ಬೇರೆ.

ಮೂರು ದರ್ಜೆಯ ಮೇಲೆ 1909ರಲ್ಲಿ ಕಿಂಗ್ಸ್ ಸ್ಕೌಟ್ ಬಂತು. ದೊರೆ ಏಳನೆಯ ಎಡ್ವರ್ಡ್ ಬೇಡನ್ ಪೊವೆಲ್‌ಗೆ ನೈಟ್ ಪದವಿ ಕೊಟ್ಟ ವರ್ಷವೂ ಅದೇ. ಫಸ್ಟ್ ಕ್ಲಾಸ್ ಆದಮೇಲೆ ಸಾರ್ವಜನಿಕರಿಗೆ ಒದಗುವ ಕೆಲವು ನೈಪುಣ್ಯ ಬ್ಯಾಡ್ಜು ಗಳಿಸಿದವನ ತೋಳಿಗೆ ಕಿರೀಟದ ಗುರುತು. ನಮ್ಮ ಸ್ಕೌಟುಗಳ ರಾಷ್ಟ್ರಪತಿ ಪುರಸ್ಕಾರದ ಹಿಂದಿರುವುದು ಇದೇ ಪರಂಪರೆ. ಅಮೆರಿಕದವರು 1910ರಲ್ಲಿ ಶುರುಮಾಡಿ ಇದೇ ಮೂರು ದರ್ಜೆ ಎತ್ತಿಕೊಂಡು ಮೇಲೆ ಲೈಫ್, ಸ್ಟಾರ್, ಈಗಲ್ ಸೇರಿಸಿದರು. ಈಗಲ್‌ಗೆ 21 ಬ್ಯಾಡ್ಜು. ಮೊದಲಿಗ 1912ರಲ್ಲಿ ಆರ್ಥರ್ ಎಲ್ಡ್ರೆಡ್. ಚಿಕ್ಕ ಮಕ್ಕಳಿಗೆ 1916ರಲ್ಲಿ ವುಲ್ಫ್ ಕಬ್ಸ್ ಬಂದಾಗ ಕಿಪ್ಲಿಂಗ್‌ನ ‘ಜಂಗಲ್ ಬುಕ್’ ಆಧಾರವಾಯಿತು. ಟೋಪಿಯ ಮೇಲೆ ಒಂದು ನಕ್ಷತ್ರವಿದ್ದರೆ ತೋಳದ ಮರಿ ಒಂದು ಕಣ್ಣು ತೆರೆದಂತೆ, ಎರಡಿದ್ದರೆ ಎರಡೂ. ದಳ ನಡೆಸುವ ಹಿರಿಯರಿಗೆ 1919ರ ಸೆಪ್ಟೆಂಬರಿನಲ್ಲಿ ಲಂಡನ್ ಬಳಿಯ ಗಿಲ್‌ವೆಲ್ ಪಾರ್ಕಿನಲ್ಲಿ ಮೊದಲ ವುಡ್ ಬ್ಯಾಡ್ಜ್ ತರಬೇತಿ. ದಕ್ಷಿಣ ಆಫ್ರಿಕಾದ ಜುಲು ನಾಯಕ ದಿನುಜುಲುವಿನ ಹಾರದ ಮರದ ಮಣಿಗಳೇ ಅದರ ಪದಕ. ನಮ್ಮ ‘ಹಿಮಾಲಯ ವುಡ್ ಬ್ಯಾಡ್ಜ್’ ಧರಿಸುವ ಶಿಕ್ಷಕರ ಕೊರಳಿನ ಮಣಿಗಳ ಮೂಲ ಅಲ್ಲಿದೆ.

ಈಗ ಭಾರತದ ಮಾತು. ದೇಶದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ, ಕ್ಯಾಪ್ಟನ್ ಟಿ.ಎಚ್. ಬೇಕರ್ ಕೈಯಲ್ಲಿ ಶುರುವಾಯಿತು. ಆದರೆ ಅದು ಯುರೋಪಿಯನ್, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ. ಭಾರತೀಯ ಹುಡುಗರು ಸೇರುವಂತಿರಲಿಲ್ಲ. ಈ ತಡೆಗೆ ಉತ್ತರವಾಗಿ ಹುಟ್ಟಿದವು ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಅರುಂಡೇಲ್ ಕಟ್ಟಿದ ಇಂಡಿಯನ್ ಬಾಯ್ ಸ್ಕೌಟ್ಸ್, ಅಲಹಾಬಾದಿನಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಅವರ ಸೇವಾ ಸಮಿತಿ ಸ್ಕೌಟ್ಸ್. ಬೆಸೆಂಟ್ ಅವರ ಹುಡುಗರು ಹ್ಯಾಟಿನ ಬದಲು ಪೇಟ ಸುತ್ತುತ್ತಿದ್ದರು. ಮೈಸೂರು ಸಂಸ್ಥಾನದ ಸ್ಕೌಟ್ ಸಂಘ 1917ರದು. 1921ರಲ್ಲಿ ಬೇಡನ್ ಪೊವೆಲ್ ಬಂದಾಗ ಬೆಸೆಂಟ್ ಅವರ ಸಂಘ ಬ್ರಿಟಿಷ್ ಸಂಘದೊಡನೆ ಸೇರಿತು, ಸೇವಾ ಸಮಿತಿ ಹೊರಗುಳಿಯಿತು. 1950ರ ನವೆಂಬರ್ 7 ನಿಮ್ಮ ಲೇಖಕರು ಹೇಳಿದಂತೆ ಆರಂಭವಲ್ಲ. ನಾಲ್ಕು ದಶಕ ಬೇರೆಬೇರೆಯಾಗಿ ನಡೆದ ಸಂಘಗಳು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಹೆಸರಿನಲ್ಲಿ ಒಂದಾದ ದಿನ ಅದು. ಹುಡುಗಿಯರ ಗೈಡ್ಸ್ ಸಂಘ ಸೇರಿದ್ದು ಮರುವರ್ಷ ಆಗಸ್ಟ್ 15ಕ್ಕೆ. ದೊಡ್ಡಬಳ್ಳಾಪುರದ ಶಿಬಿರ ಕೇಂದ್ರಕ್ಕೆ ಆನಿ ಬೆಸೆಂಟ್ ಹೆಸರಿರುವುದು ಏಕೆ ಎಂದು ಅಲ್ಲಿಗೆ ಹೋಗುವ ಮಕ್ಕಳಿಗೆ ಈ ಹಿನ್ನೆಲೆ ಹೇಳದೆ ತಿಳಿಯುವುದಿಲ್ಲ.

ನಮ್ಮ ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳು ಆ ಹಳೆಯ ಮೂರು ದರ್ಜೆಗಳ ಮೊಮ್ಮಕ್ಕಳು. ಗಂಟು, ಬೆಂಕಿ, ಅಡುಗೆ, ಅಂದಾಜು, ನಕ್ಷೆ ಎಲ್ಲವೂ ಪಠ್ಯದಲ್ಲಿ ಇಂದಿಗೂ ಇವೆ. ಕೊರತೆ ಇರುವುದು ಪರೀಕ್ಷೆ ಮಾಡುವ ರೀತಿಯಲ್ಲಿ. ಎಷ್ಟೋ ಕಡೆ ಮೂವತ್ತು, ನಲವತ್ತು ಮಕ್ಕಳನ್ನು ಸಾಲಾಗಿ ಕೂರಿಸಿ, ದಪ್ಪ ಕಾಗದಕ್ಕೆ ಅಂಟಿಸಿದ ಗಂಟುಗಳ ಆಲ್ಬಮ್ ನೋಡಿ, ಲಾಗ್‌ಬುಕ್ಕಿಗೆ ಸಹಿ ಹಾಕಿ ಒಂದು ಮಧ್ಯಾಹ್ನದಲ್ಲಿ ಸೋಪಾನ ಮುಗಿಸುತ್ತಾರೆ. ಪ್ರಮಾಣಪತ್ರಕ್ಕೆ, ಕೃಪಾಂಕಕ್ಕೆ ಆತುರಪಡುವ ಪೋಷಕರ ಒತ್ತಡವೂ ಇದೆ ಎಂಬುದು ನಿಜ. ಆದರೆ ಹೊತ್ತು ಸಾಲದು ಎಂಬ ನೆಪ ಪೂರ್ತಿ ನಿಲ್ಲುವುದಿಲ್ಲ. ಮಗುವಿನ ಕೈಗೆ ಎರಡು ಮೀಟರ್ ಹಗ್ಗ ಕೊಟ್ಟು, ನಿಂತ ಬಿದಿರಿಗೆ ಕ್ಲೋವ್ ಹಿಚ್ ಹಾಕಿಸಿ, ಒಂದು ಕೊಡ ನೀರು ತೂಗುಹಾಕಿ ನೋಡಲು ಎರಡು ನಿಮಿಷ ಬೇಕು. ಗಂಟು ಸರಿಯೋ ತಪ್ಪೋ ಕೊಡವೇ ಹೇಳುತ್ತದೆ. ಬೆಂಕಿಯ ಪರೀಕ್ಷೆಗೆ ಕಾಗದ, ಸೀಮೆಎಣ್ಣೆ ದೂರವಿಟ್ಟು, ಎರಡೇ ಕಡ್ಡಿಗಳನ್ನು ಎಣಿಸಿ ಕೈಗಿಟ್ಟು, ಆರು ಮಕ್ಕಳನ್ನು ಒಟ್ಟಿಗೆ ಬೇರೆಬೇರೆ ಒಲೆಗಳಿಗೆ ಬಿಡಬಹುದು. ಪಕ್ಕದಲ್ಲಿ ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಕಡ್ಡಾಯ. ಸೋತವರನ್ನು ಹದಿನೈದು ದಿನ ಬಿಟ್ಟು ಮತ್ತೆ ಕರೆಯಲಿ. ಹೊಸಬನೊಬ್ಬನಿಗೆ ಕಲಿಸಿ ತರಬೇಕೆಂಬ ಹಳೆಯ ಷರತ್ತನ್ನು ತೃತೀಯ ಸೋಪಾನದ ಹೊತ್ತಿಗಾದರೂ ದಳದ ಮಟ್ಟದಲ್ಲಿ ಜಾರಿಗೆ ತರಲು ಯಾವ ಶಾಲೆಯೂ ಯಾರ ಆದೇಶಕ್ಕೂ ಕಾಯಬೇಕಿಲ್ಲ.

ನಿಮ್ಮ ಲೇಖನದ ತಿದ್ದುಪಡಿಯಲ್ಲಿ ಕನಿಷ್ಠ 1909ರ ಬೆಂಗಳೂರು ದಳದ ವಿಷಯವನ್ನೂ, ಪ್ಯಾಟ್ರೋಲ್ ಲೀಡರ್ ಹುದ್ದೆ ಬೇರೆ, ದರ್ಜೆ ಬೇರೆ ಎಂಬುದನ್ನೂ ಸೇರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಸ್ಕೌಟ್ ಮಾಸ್ಟರ್, ತುಮಕೂರು